ಸೋತ ತಂಡದ ರೇಡಿಯೋ ದನಿ

ಫ್ರೀಮಾಂಟಿನ ನಮ್ಮ ಕನ್ನಡ ಬಳಗದ, ಮನೆಗೊಂದು ಅಡುಗೆ ತರುವ ಪಾಟ್‌ಲಕ್ ಊಟಗಳಿಗೆ ನನ್ನನ್ನು ಕರೆಯುವುದು ನಾನು ತರುವ ಚಿತ್ರಾನ್ನಕ್ಕಾಗಿ ಅಲ್ಲ. ಊಟ ಮುಗಿದು ಪೇಪರ್ ತಟ್ಟೆಗಳೆಲ್ಲ ಕಸದ ಚೀಲ ಸೇರಿದ ಮೇಲೆ ಯಾರಾದರೊಬ್ಬ ಅಂಕಲ್ಲು "ಏ, ಶುರು ಹಚ್ಕೊಳಪ್ಪ" ಎನ್ನುತ್ತಾರೆ. ನಾನು ಮೊದಲು ಆ ಅಂಕಲ್ಲನ್ನೇ ಮಾಡಿ ತೋರಿಸುತ್ತೇನೆ: ಮನೆಗಳ ಬೆಲೆ ಹೇಳುವ ಮುಂಚೆ ಅವರು ಮೂಗಿನಿಂದ ಉಸಿರೆಳೆದುಕೊಳ್ಳುವ ಚಂದ. ಆಮೇಲೆ ಉಡುಪಿಯ ಡಾಕ್ಟರ್ ಆಂಟಿ. ಕೊನೆಗೆ ನಾನೇ: ಮೆನ್ಲೋ ಪಾರ್ಕಿನ ಆಫೀಸಿನ ಮೀಟಿಂಗಿನಲ್ಲಿ ಪ್ರಶ್ನೆ ಅರ್ಥವಾಗದೆ "ಗ್ರೇಟ್ ಕ್ವೆಶ್ಚನ್" ಎಂದು ಗಡ್ಡ ಕೆರೆದುಕೊಳ್ಳುವ ನಾನು. ಹೆಚ್ಚು ನಗು ಬರುವುದು ಈ ಕೊನೆಯದಕ್ಕೇ. ಅದು ಕಲೆಗಲ್ಲ, ಎಲ್ಲರೂ ಅದನ್ನೇ ಮಾಡಿ ಸಂಬಳ ತೆಗೆದುಕೊಳ್ಳುತ್ತಿರುವುದಕ್ಕೆ.

ಆದರೆ ಒಂದು ದನಿಯನ್ನು ನಾನು ಯಾವ ಪಾಟ್‌ಲಕ್ಕಿನಲ್ಲೂ ಮಾಡಿಲ್ಲ. ಅದು ನಮ್ಮ ಪಕ್ಕದ ಮನೆಯ ತಾತನದು.

ಅವರು ಇಲ್ಲಿಯೇ ಹುಟ್ಟಿ ಬೆಳೆದ ಅಮೆರಿಕನ್ನರು, ವಯಸ್ಸು ತೊಂಬತ್ತು ದಾಟಿತ್ತು. ಈ ದೇಶದಲ್ಲಿ ಎಷ್ಟೇ ಹಿರಿಯರನ್ನಾದರೂ ಹೆಸರು ಹಿಡಿದೇ ಕರೆಯಬೇಕು. ನಮ್ಮಮ್ಮನಿಗೆ ಅದು ಬಾಯಿಗೆ ಬರಲೇ ಇಲ್ಲ. ಮೊದಲ ದಿನವೇ ಬೇಲಿಯ ಮೇಲಿಂದ ಮಜ್ಜಿಗೆಹುಳಿಯ ಡಬ್ಬಿ ದಾಟಿಸುತ್ತಾ "ತಾತಾ, ವೆರಿ ಲಿಟಲ್ ಸ್ಪೈಸಿ" ಎಂದುಬಿಟ್ಟಳು. ಅವರು ಅದನ್ನೇ ತಮ್ಮ ಹೆಸರೆಂದು ಒಪ್ಪಿಕೊಂಡರು. ಅವರ ಹೆಂಡತಿ ಅಜ್ಜಿಯಾದರು. ಅವರಿಬ್ಬರೂ ಆಡುತ್ತಿದ್ದದ್ದು ಇಂಗ್ಲಿಷು. ನನ್ನ ಕೈಗೆ ಸಿಕ್ಕ ಮೇಲೆ ಇಲ್ಲಿ ಮೈಸೂರಿನವರ ಹಾಗೆ ಮಾತಾಡುತ್ತಾರೆ. ಮಿಮಿಕ್ರಿಯವನ ಅನುವಾದ ಅಷ್ಟೇ.

ತಾತನಿಗೆ ಗಂಟಲಿನ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಮಾತಾಡಬೇಕಾದರೆ ಸಣ್ಣ ಟಾರ್ಚಿನಂಥ ಒಂದು ಯಂತ್ರವನ್ನು ಕತ್ತಿಗೆ ಒತ್ತಿ ಹಿಡಿಯಬೇಕಿತ್ತು. ಆಗ ಬರುತ್ತಿದ್ದ ಸದ್ದು, ಕ್ಷೌರದ ಮಿಷನ್ನಿನೊಳಗೆ ಜೀರುಂಡೆ ಸಿಕ್ಕಿಕೊಂಡು ಇಂಗ್ಲಿಷ್ ಮಾತಾಡಿದ ಹಾಗೆ. ಕೇಳಿದ ವಾರದಲ್ಲೇ ನಾನದನ್ನು ಕಲಿತೆ. ಹಿತ್ತಲಲ್ಲಿ ಅಮ್ಮನ ಮುಂದೆ ಮಾಡುತ್ತಿದ್ದಾಗ ಬೇಲಿಯಾಚೆ ತಾತ ನಿಂತಿದ್ದರು. ಅಮ್ಮನ ಮುಖ ಬಿಳಿಚಿಕೊಂಡಿತು.

"ತಪ್ಪು ಮಾಡ್ತಿದ್ದೀಯ," ಎಂದರು ತಾತ ಯಂತ್ರ ಒತ್ತಿ. "ನನ್ನ ಶ್ರುತಿ ಇನ್ನೂ ಒಂದು ಮನೆ ಕೆಳಗಿದೆ. ಎಲ್ಲಿ, ಇನ್ನೊಂದ್ಸಲ ಮಾಡು."

ನಾನು ಮಾಡಿದೆ. ಅವರ ಭುಜ ಕುಣಿಯಿತು. ತಾತ ನಗುವುದೆಂದರೆ ಅದೇ, ಸದ್ದಿಲ್ಲದೆ ಭುಜ ಕುಣಿಸುವುದು. ಅಮ್ಮ ಮಾತ್ರ ಒಳಗೆ ಬಂದ ಮೇಲೆ "ಮಾನ ಮರ್ಯಾದೆ ಏನಾದ್ರೂ ಇದ್ಯೇನೋ ನಿಂಗೆ? ಒಂದಿನ ದೇವರನ್ನೂ ಅಣಕಿಸ್ತೀಯ" ಎಂದು ಬೈದಳು. "ಅವನು ಮಾತಾಡೋದು ಕೇಳಿಲ್ವಲ್ಲಮ್ಮ, ಕೇಳಿದ್ರೆ ನೋಡೋಣ" ಎಂದೆ.

ಆ ತಾತ ಒಂದು ಕಾಲದಲ್ಲಿ ಬಾಯಿಂದಲೇ ಬದುಕಿದವರು. ಐವತ್ತರ ದಶಕದಲ್ಲಿ ನಮ್ಮೂರಿರುವ ಈ ಸಮುದ್ರದ ಕೊಲ್ಲಿಯ ಪೂರ್ವದ ದಡದಲ್ಲಿ ಒಂದು ವೃತ್ತಿಪರ ಬೇಸ್‌ಬಾಲ್ ತಂಡವಿತ್ತಂತೆ. ಆಗಿನ್ನೂ ಮೀಸೆ ಸರಿಯಾಗಿ ಮೂಡದ ತಾತ ಅದರ ರೇಡಿಯೋ ಕಾಮೆಂಟರಿ ಹೇಳುತ್ತಿದ್ದರು. ತಂಡ ಪರ ಊರಿಗೆ ಆಡಲು ಹೋದಾಗ ಜೊತೆಗೆ ಇವರನ್ನು ಕಳಿಸುವಷ್ಟು ಅನುಕೂಲ ರೇಡಿಯೋದವರಿಗೆ ಇರಲಿಲ್ಲ. ಹಾಗಾಗಿ ಅಲ್ಲಿನ ಮೈದಾನದಿಂದ ತಂತಿಯಲ್ಲಿ ಒಂದೊಂದೇ ತುಣುಕು ಸುದ್ದಿ ಬರುತ್ತಿತ್ತು: ಚೆಂಡು ಹೊರಗೆ, ಆಟಗಾರ ಔಟ್, ಹೀಗೆ. ಇವರು ಇಲ್ಲಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಆ ನಾಲ್ಕು ಪದಕ್ಕೆ ಬಿಸಿಲು, ಧೂಳು, ಕಡಲೆಕಾಯಿ ಮಾರುವವನ ಕೂಗು ಎಲ್ಲವನ್ನೂ ಸೇರಿಸಿ, ಕಣ್ಣೆದುರೇ ಆಟ ನಡೆಯುತ್ತಿದೆಯೇನೋ ಎಂಬಂತೆ ಹೇಳುತ್ತಿದ್ದರು. ಬ್ಯಾಟಿನ ಸದ್ದಿಗೆ ಮರದ ತುಂಡಿನ ಮೇಲೆ ಕೋಲಿನ ಏಟು.

"ಅಂದ್ರೆ ನೀವೂ ನಮ್ಮ ಜಾತಿಯೋರೇ. ಮಿಮಿಕ್ರಿ!" ಎಂದೆ ನಾನು ಕುಣಿದು.

"ಅಲ್ಲ," ಎಂದರು ತಾತ. "ನಾಯಿ ಮೈದಾನಕ್ಕೆ ಬಂತು ಅಂತ ಸುಳ್ಳು ಹೇಳಬಹುದು. ಮೋಡ ಕಟ್ಟಿತು ಅನ್ನಬಹುದು. ಅಂಕ ಮುಟ್ಟೋ ಹಾಗಿಲ್ಲ."

ಒಂದು ಇಡೀ ಸೀಸನ್ ಆ ತಂಡ ಸೋತಿತು. ಅಲ್ಲೊಂದು ಇಲ್ಲೊಂದು ಗೆದ್ದಿದ್ದು ಬಿಟ್ಟರೆ ವಸಂತದಿಂದ ಶರತ್ಕಾಲದವರೆಗೆ ಸೋಲೇ. ಆ ವರ್ಷವೇ ತಾತನ ಮದುವೆಯಾಗಿತ್ತು. ಬಾಡಿಗೆ ಕೋಣೆಯಲ್ಲಿ ಹೊಸ ಹೆಂಡತಿ ಒಲೆಯ ಮೇಲೆ ಸೂಪು ಇಟ್ಟುಕೊಂಡು ಗಂಡನ ದನಿ ಕೇಳುತ್ತಾ ಕೂತಿರುತ್ತಿದ್ದಳು. ತಂಡ ಎಲ್ಲೋ ದೂರದ ಊರಿನಲ್ಲಿ ಸೋಲುತ್ತಿದ್ದರೂ ಗಂಡ ಇದ್ದದ್ದು ನಾಲ್ಕು ಬೀದಿ ಆಚೆ. ಆಟ ಮುಗಿಯಿತೆಂದು ರೇಡಿಯೋ ಹೇಳಿದ ಸ್ವಲ್ಪ ಹೊತ್ತಿಗೆಲ್ಲ ಬಾಗಿಲು ತಟ್ಟುತ್ತಿದ್ದ.

ನಾನು ಅವರನ್ನು ಚೆನ್ನಾಗಿ ಬಲ್ಲವನಾಗುವ ಹೊತ್ತಿಗೆ ಅಜ್ಜಿಗೆ ಮರೆವು ಬಲಿತಿತ್ತು. ನೆನಪು ತುದಿಯಿಂದ ಸುಟ್ಟುಕೊಂಡು ಬಂದು ಆ ಬಾಡಿಗೆ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟಿತ್ತು. ಮಂಚದ ಪಕ್ಕ ಕೂತ ಮುದುಕ ಯಾರೆಂದು ಅವರಿಗೆ ತಿಳಿಯುತ್ತಿರಲಿಲ್ಲ. ತಾತ ಯಂತ್ರ ಒತ್ತಿ ಮಾತಾಡಿದರಂತೂ ಹೆದರಿ ಹೊದಿಕೆಯೊಳಗೆ ಸೇರುತ್ತಿದ್ದರು. ಸಂಜೆ ಕವಿಯುತ್ತಿದ್ದ ಹಾಗೆ "ನನ್ನ ಗಂಡ ಎಲ್ಲಿ? ಯಾಕೆ ಬರಲಿಲ್ಲ?" ಎಂದು ಶುರುವಾಗುತ್ತಿತ್ತು. ಬೇಸಿಗೆಯಲ್ಲಿ ಕಿಟಕಿ ತೆರೆದಿದ್ದರೆ ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು. ಅಮ್ಮ ಕುಕ್ಕರಿನ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದಳು.

ಒಂದು ಶನಿವಾರ ತಾತ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಹಳೆಯ ಟೇಪಿನ ಸಿ.ಡಿ. ಪ್ರತಿ. ಅದರಲ್ಲಿ ಅವರ ಪ್ರಾಯದ ದನಿಯಿತ್ತು, ಪರ ಊರಿನ ಒಂದು ಆಟದ ಕಾಮೆಂಟರಿ.

"ಇದನ್ನು ಅವಳಿಗೆ ಹಾಕಿದೆ," ಎಂದರು. "ಮೊದಲು ಖುಷಿಪಟ್ಟಳು. ಆಮೇಲೆ, ಈ ಆಟ ನಿನ್ನೆ ಆಯ್ತಲ್ಲ, ಇವತ್ತಿನದು ಎಲ್ಲಿ ಅಂತ ಕೇಳ್ತಾಳೆ." ಸ್ವಲ್ಪ ಹೊತ್ತು ಯಂತ್ರವನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. ಮತ್ತೆ ಕತ್ತಿಗೆ ಒತ್ತಿಕೊಂಡರು. "ನಾನು ಈ ಮನೇಲೇ ಇದೀನಿ ಅಂತ ಅವಳಿಗೆ ಗೊತ್ತಾಗಬೇಕು. ಒಂದು ಸಲ ಆದರೂ ಸಾಕು."

ನನ್ನ ಕಡೆ ನೋಡಿದರು. ಅಮ್ಮನೂ ನೋಡಿದಳು. ದೇವರನ್ನೂ ಅಣಕಿಸ್ತೀಯ ಎಂದು ಬೈದಿದ್ದವಳೇ, "ಮಾಡೋ," ಎಂದಳು.

ಹಾಗೆ ನಾನು ಸಿ.ಡಿ. ಕೇಳಿ ಅವರ ಪ್ರಾಯದ ದನಿಯನ್ನು ಕಲಿತೆ. ಕೊಲ್ಲಿ ದಾಟುವ ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ತೆವಳುತ್ತಾ ದಿನಾ ಬೆಳಿಗ್ಗೆ ಅಭ್ಯಾಸ. ಮೂಗು ಸ್ವಲ್ಪ, ನಗೆ ಸ್ವಲ್ಪ, ಪ್ರತಿ ವಾಕ್ಯದ ಕೊನೆಗೆ ಮೆಟ್ಟಿಲು ಇಳಿದ ಹಾಗೆ ಒಂದು ಇಳಿತ. ಪಕ್ಕದ ಕಾರಿನವರು ನಾನು ಯಾರನ್ನೋ ಬೈಯುತ್ತಿದ್ದೇನೆಂದುಕೊಂಡಿರಬೇಕು. ಆಟದ ನಿಯಮಗಳನ್ನು ತಾತ ಹೇಳಿಕೊಟ್ಟರು. ನಮ್ಮಪ್ಪನಿಗೆ ವಿವರಿಸಲು ಹೋದರೆ, "ಚಿನ್ನಿದಾಂಡು ಆಡೋ ಹುಡುಗ್ರಿಗೆ ಯೂನಿಫಾರಂ ಹಾಕ್ಸಿದಾರೆ, ಅಷ್ಟೇ ಬಿಡು" ಎಂದು ಕ್ರಿಕೆಟ್ಟಿಗೆ ಮರಳಿದರು.

ವ್ಯವಸ್ಥೆ ಹೀಗಿತ್ತು. ಅಜ್ಜಿಯ ಮಂಚದ ಬಳಿ ಸತ್ತುಹೋದ ಹಳೆಯ ಮರದ ರೇಡಿಯೋ ಒಂದಿತ್ತು. ಅದರ ಬೆನ್ನು ಬಿಚ್ಚಿ ಒಳಗೊಂದು ಪುಟ್ಟ ಸ್ಪೀಕರ್ ಇಟ್ಟೆ. ನಾನು ಅವರ ಗರಾಜಿನಲ್ಲಿ, ಮೈಕು, ಅಮ್ಮನ ಲಟ್ಟಣಿಗೆ ಮತ್ತು ಮರದ ಸೌಟಿನ ಜೊತೆ. ಕೋಣೆಯಲ್ಲಿ ಏನಾಗುತ್ತಿದೆ ಎಂದು ತಿಳಿಯಲು ಮಗುವಿನ ತೊಟ್ಟಿಲ ಬಳಿ ಇಡುವಂಥ, ಸದ್ದು ಮಾತ್ರ ಕೇಳಿಸುವ ಮಾನಿಟರು. ತಾತ ಅಜ್ಜಿಯ ಪಕ್ಕ ಕೂತು, ನೆನಪಿದ್ದಷ್ಟು ಆ ಸೀಸನ್ನಿನ ಆಟಗಳನ್ನು ಒಂದೊಂದೇ ತುಣುಕಾಗಿ ಫೋನಿನಲ್ಲಿ ನನಗೆ ಮೆಸೇಜು ಮಾಡುತ್ತಿದ್ದರು. "ಚೆಂಡು ಹೊರಗೆ." "ಔಟ್." ನಾನು ಅದನ್ನು ಹಿಗ್ಗಿಸಿ ಹೇಳಬೇಕು. ಹಿಂದೆ ತಂತಿ ಇದ್ದ ಜಾಗದಲ್ಲಿ ಈಗ ತಾತನೇ ಇದ್ದರು. ಅವರಿದ್ದ ಜಾಗದಲ್ಲಿ ನಾನು.

ಮೊದಲ ಸಂಜೆ ಲಟ್ಟಣಿಗೆಯ ಮೇಲೆ ಸೌಟು ಬಡಿದೆ. ಬಾಯಿಗೆ ಅಂಗೈ ಮುಚ್ಚಿ ಪ್ರೇಕ್ಷಕರ ಗದ್ದಲ ಎಬ್ಬಿಸಿದೆ. ತಕ್ಷಣ ಮೆಸೇಜು ಬಂತು: "ಅಷ್ಟು ಜನ ಬರ್ತಿರಲಿಲ್ಲ." ಗದ್ದಲ ಇಳಿಸಿದೆ. ಮಾನಿಟರಿನಲ್ಲಿ ಅಜ್ಜಿಯ ನರಳಿಕೆ ನಿಂತಿತು. ಆಮೇಲೆ ಒಂದು ಸಣ್ಣ ನಗು.

"ಇವತ್ತೂ ಸೋಲ್ತಾರೆ ನೋಡು," ಎಂದರು ಅಜ್ಜಿ.

ತಂಡ ಸೋತಿತು. ನಾನು ಶುಭರಾತ್ರಿ ಹೇಳಿದೆ. ಆಗ ಮಾನಿಟರಿನಲ್ಲಿ ಅಜ್ಜಿಯ ದನಿ, ಈಗ ತಾತನ ಕಡೆಗೆ ತಿರುಗಿ: "ರೇಡಿಯೋ ಸರಿ ಹೋಯ್ತಲ್ಲ, ಉಪಕಾರವಾಯ್ತು. ಇನ್ನು ಹೊರಡಪ್ಪ. ಅವನು ಬರೋ ಹೊತ್ತಾಯ್ತು."

ಪಕ್ಕದಲ್ಲಿ ಕೂತಿದ್ದ ಮುದುಕನನ್ನು ಅವರು ರೇಡಿಯೋ ರಿಪೇರಿಯವನೆಂದು ತೀರ್ಮಾನಿಸಿದ್ದರು. ತಾತ ಎದ್ದು ತಮ್ಮ ಮಲಗುವ ಕೋಣೆಯಿಂದ ಹೊರಗೆ ಬಂದು ಗರಾಜಿನಲ್ಲಿ ನನ್ನ ಪಕ್ಕ ಪೇಂಟ್ ಡಬ್ಬಿಯ ಮೇಲೆ ಕೂತರು. ನಾವಿಬ್ಬರೂ ಮಾನಿಟರು ಕೇಳುತ್ತಾ ಕೂತೆವು. ಅಜ್ಜಿ ಕಾಯುತ್ತಾ ಕಾಯುತ್ತಾ ನಿದ್ದೆ ಹೋದರು. ಗಂಡನ ದನಿಯನ್ನು ನಾನು ಎಷ್ಟು ಚೆನ್ನಾಗಿ ತಂದಿದ್ದೆನೆಂದರೆ ಅದರಲ್ಲಿ ಗಂಡನಿಗೇ ಜಾಗವಿರಲಿಲ್ಲ.

"ನಾಳೆ ನಿಲ್ಲಿಸೋಣ್ವಾ ತಾತ?" ಎಂದೆ.

"ಅವಳು ನಕ್ಕಳು," ಎಂದರು. "ಐದು ಗಂಟೆಗೆ ಬಾ."

ಬೇಸಿಗೆಯೆಲ್ಲ ಹೀಗೇ ನಡೆಯಿತು. ನಾನು ಆಫೀಸಿನಿಂದ ಬೇಗ ಬರುತ್ತಿದ್ದೆ. ಮ್ಯಾನೇಜರನಿಗೆ ಫಿಸಿಯೋಥೆರಪಿ ಎಂದು ಹೇಳಿದ್ದೆ, ಕುಂಟುವುದನ್ನು ಚೆನ್ನಾಗಿಯೇ ಮಾಡುತ್ತಿದ್ದೆ. ಅಜ್ಜಿ ರಿಪೇರಿಯವನ ಜೊತೆ ಮಾತಿಗಿಳಿದರು. ತಾತ ಯಂತ್ರ ಮುಟ್ಟುತ್ತಿರಲಿಲ್ಲ, ಬರೀ ತಲೆಯಾಡಿಸುತ್ತಿದ್ದರು. ಅದಕ್ಕೇ ಅಜ್ಜಿಗೆ ಅವರು ಹಿಡಿಸಿದ್ದು.

"ನೀನು ಒಳ್ಳೆಯವನು ಕಣಪ್ಪ. ಸುಮ್ಮನೆ ಕೂತ್ಕೋತೀಯ. ನನ್ನ ಗಂಡನಿಗೆ ಬಾಯಿ ಮುಚ್ಚಿ ಗೊತ್ತೇ ಇಲ್ಲ. ನಿದ್ದೇಲೂ ಆಟ ಹೇಳ್ತಾನೆ."

ಇನ್ನೊಂದು ದಿನ: "ಬೇರೆ ಊರಿನ ರೇಡಿಯೋದೋರು ಸೋತ್ರೂ ಗೆದ್ದೋರ ಹಾಗೆ ಹಾರಾಡ್ತಾರೆ. ಇವನು ಸೋತ್ರೆ ಸೋತ್ವಿ ಅಂತಾನೆ. ನಮ್ಮಪ್ಪ ಈ ಹುಡುಗ ಬೇಡ ಅಂದ್ರು. ನಾನು ಹೇಳ್ದೆ, ದಿನಾ ಸೋಲನ್ನ ಊರಿಗೆಲ್ಲ ಸರಿಯಾಗಿ ಹೇಳೋನು ನನ್ಹತ್ರ ಯಾಕೆ ಸುಳ್ಳು ಹೇಳ್ತಾನೆ ಅಂತ."

ಆಗ ಮೆಸೇಜು ಬರುವುದು ತಡವಾಯಿತು. ನಾನು ಮೈದಾನಕ್ಕೊಂದು ನಾಯಿ ಬಿಟ್ಟು, ಅದನ್ನು ಓಡಿಸುವುದಕ್ಕೆ ಇಬ್ಬರನ್ನು ಬಿಟ್ಟು, ಹೇಗೋ ಹೊತ್ತು ತಳ್ಳಿದೆ.

ಇದನ್ನು ಕಿವಿಯಾರೆ ಕೇಳಿದ ಮೇಲೂ ನಾನು ಒಂದು ಸಂಜೆ ಮಾಡಬಾರದ ಕೆಲಸ ಮಾಡಿದೆ. ನನ್ನ ಕಸುಬಿನವರಿಗೆ ಒಂದು ರೋಗವಿದೆ. ಎದುರಿಗಿರುವವರ ಮುಖ ಬಾಡಿದರೆ ಮಾತನ್ನು ಅವರಿಗೆ ಹಿತವಾಗುವತ್ತ ತಿರುಗಿಸಿಬಿಡುತ್ತೇವೆ. ಅವತ್ತು ಅಜ್ಜಿಗೆ ಬೆಳಗಿನಿಂದ ನೋವು, ಮಾನಿಟರಿನಲ್ಲಿ ಅಳು ಕೇಳುತ್ತಿತ್ತು. ಕೊನೆಯ ಆಟಗಾರ ಬ್ಯಾಟು ಹಿಡಿದಿದ್ದ, ತಂಡ ಸ್ವಲ್ಪದರಲ್ಲೇ ಹಿಂದಿತ್ತು. ಮೆಸೇಜು ಬಂತು: "ಔಟ್. ಸೋಲು." ನಾನು ಲಟ್ಟಣಿಗೆ ಮುರಿಯುವ ಹಾಗೆ ಬಾರಿಸಿದೆ. ಚೆಂಡನ್ನು ಬೇಲಿ ದಾಟಿಸಿದೆ. ಎಲ್ಲರನ್ನೂ ಓಡಿಸಿದೆ, ಕುಣಿಸಿದೆ, ತಾತನ ದನಿಯಲ್ಲಿ "ಗೆದ್ದೆವು!" ಎಂದು ಕಿರುಚಿದೆ.

ಅಳು ನಿಂತಿತು. ನಾನು ಹೆಮ್ಮೆಯಿಂದ ಬೆನ್ನು ಒರಗಿಸಿದೆ.

"ಯಾರದು?" ಎಂದರು ಅಜ್ಜಿ. ದನಿ ತೆಳ್ಳಗಾಗಿತ್ತು. "ಯಾರು ಅದು ಅವನ ಹಾಗೆ ಮಾತಾಡ್ತಿರೋದು? ಅವನನ್ನ ಏನು ಮಾಡಿದ್ರಿ? ಎಲ್ಲಿ ಅವನು?"

ಏನೋ ಉರುಳಿದ ಸದ್ದು. ತಾತ ತಡೆಯಲಾರದೆ ಯಂತ್ರ ಒತ್ತಿ ಹೆಂಡತಿಯ ಹೆಸರು ಹಿಡಿದು ಕರೆದರು, ಆ ಜೀರುಂಡೆಯ ದನಿಯಲ್ಲಿ. ಅಜ್ಜಿಯ ಚೀರಾಟ ಕೇಳಿ ಅಮ್ಮ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಓಡಿಬಂದಳು. ಅವರನ್ನು ಅಪ್ಪಿ ಕೂರಿಸಿ, ತನಗೆ ಗೊತ್ತಿದ್ದ ಲಾಲಿಯನ್ನು ಕನ್ನಡದಲ್ಲೇ ಹಾಡಿ ಸಮಾಧಾನ ಮಾಡಿದಳು.

ತಾತ ಗರಾಜಿಗೆ ಬಂದರು. ಬೈಯುತ್ತಾರೆಂದುಕೊಂಡೆ. ಅವರು ಲಟ್ಟಣಿಗೆಯನ್ನು ಎತ್ತಿ, ಬಿರುಕು ಬಿಟ್ಟಿದೆಯೇ ಎಂದು ನೋಡಿ ಕೆಳಗಿಟ್ಟರು.

"ಆ ಆಟ ನಾವು ಗೆಲ್ಲಲಿಲ್ಲ," ಎಂದರು, ಅಷ್ಟೇ.

ಆಮೇಲೆ ಕೆಲವು ದಿನ ಅಜ್ಜಿ ರೇಡಿಯೋ ಹಾಕಲು ಬಿಡಲಿಲ್ಲ. ಊಟವೂ ಕಡಿಮೆಯಾಯಿತು. ಕೊನೆಗೆ ಒಂದು ಸಂಜೆ ತಾತ ಹೇಳಿಕೊಟ್ಟಂತೆ ಆಟ ಶುರುಮಾಡುವ ಮುಂಚೆ ಓದಿದೆ: "ಕೇಳುಗರೇ, ಹೋದ ಆಟದ ಅಂಕವನ್ನು ನಾನು ತಪ್ಪಾಗಿ ಓದಿದೆ. ನಮ್ಮ ತಂಡ ಸೋತಿತ್ತು." ರೇಡಿಯೋದವರು ತಪ್ಪಿದರೆ ಹೀಗೆ ತಿದ್ದುವುದು ಪದ್ಧತಿಯಂತೆ.

"ಹೂಂ," ಎಂದರು ಅಜ್ಜಿ. "ಈಗ ಇದು ಅವನೇ."

ಶರತ್ಕಾಲ ಬಂತು. ಅಜ್ಜಿ ಎದ್ದು ಕೂರುವುದು ನಿಂತುಹೋಯಿತು. ದಿನಕ್ಕೊಮ್ಮೆ ನರ್ಸ್ ಬಂದು ನೋವಿಗೆ ಔಷಧಿ ಕೊಟ್ಟು ಹೋಗುತ್ತಿದ್ದರು. ಇನ್ನು ಆಸ್ಪತ್ರೆಗೆ ಒಯ್ಯುವುದಿಲ್ಲ ಎಂದು ತಾತ ಅಮ್ಮನಿಗೆ ಹೇಳಿದ್ದರು. ಸೀಸನ್ನಿನ ಆಟಗಳೂ ತೀರುತ್ತಾ ಬಂದಿದ್ದವು. ಕೊನೆಯ ಆಟ ಹೇಳುವ ಸಂಜೆ ತಾತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ನಾನು ಗೇಲಿ ಮಾಡಿದೆ: "ಏನು ತಾತ, ರಿಪೇರಿಗೆ ಇಷ್ಟು ಶೋಕಿ?" ಭುಜ ಕುಣಿಯಿತು.

ಅವತ್ತು ಅಜ್ಜಿ ನಿದ್ದೆ ಹೋಗಲಿಲ್ಲ. ತಂಡ ಎಂದಿನಂತೆ ಸೋಲುತ್ತಿತ್ತು. ಕೊನೆಯ ಆಟಗಾರ ಬಂದ. ಇನ್ನೊಂದು ಎಸೆತ ತಪ್ಪಿದರೆ ಅವನು ಔಟ್, ಆಟ ಮುಗಿಯಿತು. ಆಟ ಮುಗಿದರೆ ತಾತ ಎದ್ದು ಹೊರಡಬೇಕು.

ಮೆಸೇಜು ಬಂತು: "ಫೌಲ್."

ಅಂದರೆ ಚೆಂಡು ಬ್ಯಾಟಿಗೆ ತಗುಲಿ ಗೆರೆಯಾಚೆ ಹೋಯಿತು. ಆಗ ಔಟೂ ಅಲ್ಲ, ಅಂಕವೂ ಇಲ್ಲ, ಇನ್ನೊಂದು ಎಸೆತ. ನಾನು ಹೇಳಿದೆ.

"ಫೌಲ್." ಮತ್ತೆ ಹೇಳಿದೆ. "ಫೌಲ್." ಚೆಂಡನ್ನು ಒಂದು ಸಲ ಗ್ಯಾಲರಿಗೆ ಕಳಿಸಿದೆ, ಒಂದು ಸಲ ಐಸ್‌ಕ್ರೀಮಿನವನ ಪೆಟ್ಟಿಗೆಗೆ ಬೀಳಿಸಿದೆ. "ಫೌಲ್." "ಫೌಲ್." ಆಗ ಅರ್ಥವಾಯಿತು. ನಿಯಮದಲ್ಲಿ ಹೀಗೆ ಎಷ್ಟು ಬೇಕಾದರೂ ಆಗಬಹುದು. ಅಂಕ ಮುಟ್ಟದೆ, ಸುಳ್ಳು ಗೆಲುವು ಹೇಳದೆ, ಆಟವನ್ನು ನಿಲ್ಲಿಸಿಟ್ಟುಕೊಳ್ಳಲು ತಾತನಿಗಿದ್ದದ್ದು ಅದೊಂದೇ ದಾರಿ. ಅವರ ದನಿ ಜಾರಿ ನನ್ನದು ಎಲ್ಲಿ ಬಂದುಬಿಡುತ್ತದೋ ಎಂದು ಹೆದರುತ್ತಾ ಚೆಂಡುಗಳನ್ನು ಗೆರೆಯಾಚೆ ಅಟ್ಟುತ್ತಲೇ ಇದ್ದೆ.

"ಇವತ್ತು ತಡ ಆಗುತ್ತೆ ಅವನು ಬರೋದು," ಎಂದರು ಅಜ್ಜಿ.

ತಾತ ತಲೆಯಾಡಿಸಿರಬೇಕು.

"ನಿನ್ನನ್ನ ಮನೇಲಿ ಯಾರಾದ್ರೂ ಕಾಯ್ತಿದಾರೇನಪ್ಪ?"

ಮಾನಿಟರಿನಲ್ಲಿ ಹಾಸಿಗೆ ಸರಿದ ಸದ್ದು.

"ಇಲ್ದಿದ್ರೆ ಕೂತಿರು. ಒಬ್ಬಳೇ ಆಗ್ತೀನಿ. ಕೈ ಕೊಡು ಇಲ್ಲಿ. ಅಯ್ಯೋ, ಎಷ್ಟು ತಣ್ಣಗಿದೆ!"

ಮುಂದಿನ ಮೆಸೇಜು ಬರಲಿಲ್ಲ. ಕೈ ಕೊಟ್ಟವರು ಫೋನು ಹೇಗೆ ಒತ್ತಿಯಾರು? ತಂತಿ ನಿಂತರೆ ನಾಯಿ ಬಿಡು, ಮೋಡ ಕಟ್ಟಿಸು ಎಂದು ಕಲಿತವನು ನಾನು. ಅವತ್ತು ಏನನ್ನೂ ಬಿಡಲಿಲ್ಲ. ಮೈಕು ಆರಿಸಿ ಸುಮ್ಮನಾದೆ. ರೇಡಿಯೋ ಯಾಕೆ ನಿಂತಿತು ಎಂದು ಅಜ್ಜಿ ಕೇಳಲಿಲ್ಲ.

ಅವರು ತೀರಿಕೊಂಡದ್ದು ಅದೇ ವಾರ. ಕೊನೆಯವರೆಗೂ ತಾತನ ಗುರುತು ಹತ್ತಲಿಲ್ಲ. ಇದನ್ನು ಬೇರೆ ರೀತಿ ಬರೆಯುವುದು ನನಗೆ ಕಷ್ಟವೇನಲ್ಲ, ಆದರೆ ಹತ್ತಲಿಲ್ಲ.

ಎಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಮಧ್ಯಾಹ್ನ ನಾನು ಗರಾಜಿನಿಂದ ನನ್ನ ಸಾಮಾನು ತರಲು ಹೋದೆ. ತಾತ ಅಜ್ಜಿಯ ಹಾಸಿಗೆಯ ಹೊದಿಕೆಗಳನ್ನು ಮಡಿಸುತ್ತಿದ್ದರು. ನಾನು ಇನ್ನೊಂದು ತುದಿ ಹಿಡಿದುಕೊಂಡೆ. ಮಡಿಸುತ್ತಾ ಕೇಳಿದೆ, ನನ್ನದೇ ದನಿಯಲ್ಲಿ: "ತಾತ, ಆ ಕೊನೇ ಆಟ ಮುಗೀಲೇ ಇಲ್ಲ. ಏನಾಯ್ತು ಅದು?"

ಅವರು ಹೊದಿಕೆಯನ್ನು ಎದೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಯಂತ್ರವನ್ನು ಕತ್ತಿಗೆ ತಂದರು.

"ಸೋತೆವು," ಎಂದರು, ಮುಂದಿನ ಹೊದಿಕೆಗೆ ಕೈ ಚಾಚುತ್ತಾ.